ಕೊಟ್ಟೆ ಕಟ್ಟಿದ ಹಕ್ಕಿ

ಹಕ್ಕಿಯ ಕೊರಳಿಗೆ ಔಷಧಿ ಹೊಡೆದು ಮುಗಿಸಿ ಹೂವಪ್ಪ ಬಲರೆಕ್ಕೆಯ ಕಡೆಗೆ ತಿರುಗಿದ. ಸಹಕಾರಿ ಸೊಸೈಟಿ ಕಟ್ಟಡದ ತಾರಸಿಯಿಂದ ಇಳಿಬಿಟ್ಟ ಹಗ್ಗದ ತುದಿಯಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಅವನು, ಅವನ ಕೈಯಲ್ಲಿ ಔಷಧಿ ಹೊಡೆಯುವ ಉದ್ದ ಕೋಲು. ಕೆಳಗೆ ಸಾಗರದ ಪೇಟೆ ಭಾನುವಾರದ ಬೆಳಗಿನ ಆಲಸ್ಯದಲ್ಲಿತ್ತು. ಪುನರ್ವಸು ಮಳೆ ಒಂಬತ್ತು ದಿನ ಬಿಡದೆ ಹೊಯ್ದು ಅವತ್ತು ಹೊಳವಾಗಿತ್ತು. ಮಳೆ ಬಿಟ್ಟುಕೊಟ್ಟ ಇಂಥ ಹೊತ್ತನ್ನು ಕೊನೆಗೌಡನಾದವನು ಹಾಳುಮಾಡುವುದಿಲ್ಲ. ಅಡಿಕೆ ಮರ ಹತ್ತಿ ಕೊನೆ ಇಳಿಸುವುದು, ಮಳೆಗಾಲದಲ್ಲಿ ಕೊನೆಗಳಿಗೆ ಕೊಳೆ ಬಾರದಂತೆ ಔಷಧಿ ಹೊಡೆಯುವುದು ಅವನ ಹುಟ್ಟುಕಸುಬು. ಮರದ ಬದಲು ಗೋಡೆ ಎಂಬುದೊಂದೇ ಇವತ್ತಿನ ವ್ಯತ್ಯಾಸ.

ತಾರಸಿಯ ಮೇಲೆ ಎಂಜಿನ್ ಪಂಪು ಒಂದೇ ಸಮ ಗುರುಗುಟ್ಟುತ್ತಿತ್ತು. ಪಕ್ಕದ ಬ್ಯಾರಲ್ಲಿನಲ್ಲಿ ತಿಳಿನೀಲಿ ದ್ರಾವಣ. ಮೈಲುತುತ್ತವನ್ನು ಹಿಂದಿನ ದಿನವೇ ಕರಗಿಸಿಟ್ಟು, ಸುಣ್ಣವನ್ನು ಸೋಸಿ, ಎರಡನ್ನೂ ಕೂಡಿಸಿ, ಕತ್ತಿಯ ಅಲಗನ್ನು ಅದ್ದಿ ನೋಡಿದ್ದ. ಅಲಗಿಗೆ ತಾಮ್ರದ ಕೆಂಪು ಹತ್ತಿರಲಿಲ್ಲ. ಹದ ಸರಿಯಾಗಿತ್ತು. ಕೊನೆಯಲ್ಲಿ ಸೋಡಾದ ಜೊತೆ ಬೇಯಿಸಿದ ರಾಳವನ್ನು ಸೇರಿಸಿದ್ದ. ರಾಳ ಬಿದ್ದ ಔಷಧಿ ಒಮ್ಮೆ ಹಿಡಿದರೆ ತಿಂಗಳುಗಟ್ಟಲೆ ಮಳೆ ಹೊಯ್ದರೂ ಬಿಡುವುದಿಲ್ಲ. ಹೂವಪ್ಪ ಹೊಡೆದ ತೋಟಕ್ಕೆ ಕೊಳೆ ಬಂತೆಂಬ ಮಾತು ಮೂವತ್ತೈದು ವರ್ಷಗಳಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅವನದು ಕೈಗುಣ ಅನ್ನುತ್ತಿದ್ದರು. ಅದೆಲ್ಲ ತನ್ನದಲ್ಲ, ಊರ ದೇವತೆ ಚೌಡಮ್ಮ ಕೊಟ್ಟಿದ್ದು ಅನ್ನುತ್ತಿದ್ದ ಅವನು.

ಹಕ್ಕಿ ಮಂಗಟ್ಟೆ. ಮೂರು ಅಂತಸ್ತಿನಷ್ಟು ಎತ್ತರ, ರೆಕ್ಕೆ ಬಿಚ್ಚಿಕೊಂಡು, ದೊಡ್ಡ ಕೊಕ್ಕನ್ನು ಗಣಪತಿ ಕೆರೆಯ ದಿಕ್ಕಿಗೆ ಚಾಚಿ, ಈಗಷ್ಟೇ ಗೋಡೆಯಿಂದ ಹಾರಿತೇನೋ ಅನ್ನುವ ಹಾಗೆ. ಕಬ್ಬಿಣದ ಸರಳಿನ ಹಂದರ, ಅದಕ್ಕೆ ಸುತ್ತಿದ ತೆಂಗಿನ ನಾರಿನ ಹಗ್ಗ, ಹಗ್ಗದ ಮೇಲೆ ಮಾವಿನ ತೊಗಟೆಯ ಚೂರುಗಳು. ಆ ತೊಗಟೆಗೆ ಬೇರು ತಬ್ಬಿಸಿ ಕಟ್ಟಿದ ಮುನ್ನೂರಹನ್ನೆರಡು ಗಿಡಗಳು. ಅಲ್ಲೊಂದು ಇಲ್ಲೊಂದು ಮರಬಾಳೆ, ಜರಿಗಿಡ ಬಿಟ್ಟರೆ ಉಳಿದದ್ದೆಲ್ಲ ಸೀತಾಳೆ ದಂಡೆ. ಹಿಡಿ ಮಣ್ಣನ್ನೂ ಕೇಳದೆ ಗಾಳಿಯನ್ನೇ ಉಂಡು ಬದುಕುವ ಜಾತಿ. ಇಡೀ ಹಕ್ಕಿಯನ್ನು ಹದಿನಾಲ್ಕು ತುಂಡುಗಳಾಗಿ ಮಾಡಿ ಗೋಡೆಯ ಕೊಕ್ಕೆಗಳಿಗೆ ಸಿಕ್ಕಿಸಿದ್ದರು. ಸಿಕ್ಕಿಸಿದವನು ಹೂವಪ್ಪನೇ. ಅಷ್ಟು ಎತ್ತರದಲ್ಲಿ ತೂಗಾಡುತ್ತ ಎರಡೂ ಕೈ ಬಿಟ್ಟು ಕೆಲಸ ಮಾಡುವವರು ಪೇಟೆಯಲ್ಲಿ ಬೇರೆ ಯಾರೂ ಸಿಕ್ಕಿರಲಿಲ್ಲ.

ಹಕ್ಕಿಯನ್ನು ಮಾಡಿದವಳು ತೀರ್ಥಹಳ್ಳಿಯ ಕಡೆಯ ಹರಿಪ್ರಿಯಾ. ಪೂಜೆ, ಪಾಠ, ತೋಟ ಮೂರೂ ಇದ್ದ ಮನೆಯ ಹುಡುಗಿ. ಶಿಲ್ಪ ಕಲಿತು ಊರಿಗೇ ವಾಪಸು ಬಂದಿದ್ದಳು. ಹೂವಪ್ಪ ಅವಳನ್ನು ಮೊದಲು ಕಂಡದ್ದು ಹಿಂದಿನ ಮಾಘದಲ್ಲಿ, ಹೊಸನಗರದ ರಸ್ತೆ ಅಗಲ ಮಾಡುವಾಗ. ಅವನ ಊರಿನ ತಿರುವಿನಲ್ಲಿ ಚೌಡಮ್ಮನ ಕಲ್ಲಿತ್ತು, ಕಲ್ಲಿಗೆ ನೆರಳಾಗಿ ನಾಲ್ಕು ಜನ ತಬ್ಬಿದರೂ ಸಿಗದ ಒಂದು ಮಾವಿನ ಮರ. ಆ ಮರದ ತುಂಬ ಸೀತಾಳೆ ದಂಡೆ. ರೋಹಿಣಿ ಮಳೆಯ ಹೊತ್ತಿಗೆ ಗುಲಾಬಿ ಬಣ್ಣದ ಗೊಂಚಲುಗಳು ಮೊಳಕೈ ಉದ್ದಕ್ಕೆ ಇಳಿಬೀಳುತ್ತಿದ್ದವು. ಅವನ್ನು ಯಾರೂ ಕೀಳುವಂತಿರಲಿಲ್ಲ. ಗಾಳಿಗೆ ತಾನಾಗಿ ಉದುರಿ ಕಲ್ಲಿನ ಮೇಲೆ ಬಿದ್ದದ್ದೇ ಪೂಜೆ. ಅಲ್ಲಿ ಪೂಜಾರಿ ಇರಲಿಲ್ಲ, ಗಂಟೆ ಇರಲಿಲ್ಲ. ವರ್ಷಕ್ಕೊಮ್ಮೆ ಮರವೇ ಪೂಜಿಸುತ್ತಿತ್ತು.

ಮರ ಉರುಳಿದ ದಿನ ಊರವರೆಲ್ಲ ದೂರ ನಿಂತು ನೋಡಿದರು. ಕಲ್ಲನ್ನು ಮಾತ್ರ ಎರಡು ಮಾರು ಆಚೆಗೆ ಸರಿಸಿ ಬಿಸಿಲಿನಲ್ಲಿ ಕೂರಿಸಿದರು. ಬಿದ್ದ ಕೊಂಬೆಗಳ ನಡುವೆ ಒಬ್ಬಳು ಹೆಂಗಸು ಮಂಡಿಯೂರಿ, ಉಳಿಯಲ್ಲಿ ತೊಗಟೆ ಸಮೇತ ಗಿಡಗಳನ್ನು ಎಬ್ಬಿಸಿ ಒದ್ದೆ ಗೋಣಿಯಲ್ಲಿ ಇಡುತ್ತಿದ್ದಳು. ಎಂತಕ್ಕೆ ಎಂದು ಹೂವಪ್ಪ ಕೇಳಿದ. ಸಾಗರದಲ್ಲಿ ಒಂದು ಗೋಡೆ ಸಿಕ್ಕಿದೆ, ಇವು ಅಲ್ಲಿ ಬದುಕಿಕೊಳ್ಳುತ್ತವೆ ಎಂದಳು. ಅವನು ಇವು ಚೌಡಮ್ಮನವು ಎಂದು ಕಲ್ಲನ್ನು ತೋರಿಸಿ, ಅದರ ನೆತ್ತಿಯ ಮೇಲೆ ಕೈಯಿಟ್ಟು, ಯಾರಿಗೂ ಅಲ್ಲವೆಂಬಂತೆ ಹೇಳಿದ್ದ:

"ತಾಯಿ, ಕರ್ಕೊಂಡ್ ಹೋಗ್ತಿದೀವಿ. ಮುಂದಿನ ಹೂವಿನ ಕಾಲಕ್ಕೆ ನಿನ್ ಹೂ ನಿಂಗೆ ಮುಟ್ಸೋದು ನನ್ ಜವಾಬ್ದಾರಿ."

ಆ ಮಾತಿನ ಕಾರಣಕ್ಕೇ ಅವನು ವಾರಕ್ಕೆರಡು ಸಲ ಬಸ್ಸು ಹತ್ತಿ ಪೇಟೆಗೆ ಬಂದು ಹಕ್ಕಿಯ ಮೈ ನೋಡುತ್ತಿದ್ದದ್ದು. ಆ ವರ್ಷ ಗಿಡಗಳು ಜಾಗ ಬದಲಾದ ದಣಿವಿನಲ್ಲಿ ಹೂ ಬಿಡಲಿಲ್ಲ. ಬಿಡುವುದಿಲ್ಲವೆಂದು ಹರಿಪ್ರಿಯಾ ಮೊದಲೇ ಹೇಳಿದ್ದಳು. ಆದರೆ ಆರಿದ್ರೆ ಕಳೆದು ಪುನರ್ವಸು ಹಿಡಿದ ಮೇಲೆ ಎಲೆಗಳ ಬುಡ ಮೆತ್ತಗಾಗಿ ಕಪ್ಪು ಮಚ್ಚೆ ಕಾಣಿಸಿತು. ಪಡುವಣಕ್ಕೆ ಮುಖ ಮಾಡಿದ ಗೋಡೆ. ಮರದಲ್ಲಿ ಎಲೆಗಳ ಮರೆಯಿದ್ದ ಜೀವಗಳು ಇಲ್ಲಿ ಇರಿಚಲಿಗೆ ನೇರ ಮೈಯೊಡ್ಡಿದ್ದವು. ಹೂವಪ್ಪ ಮಚ್ಚೆಯನ್ನು ಮುಟ್ಟಿ ನೋಡಿ, ಮೂಸಿ, ಕೊಳೆ ಎಂದು ನಿರ್ಧರಿಸಿದ. ಹರಿಪ್ರಿಯಾಳಿಗೆ ಫೋನು ಮಾಡಿದರೆ ಅವಳ ಊರಲ್ಲಿ ಮೂರು ದಿನದಿಂದ ಕರೆಂಟೂ ಇಲ್ಲ, ಟವರೂ ಇಲ್ಲ. ಕೊಳೆಗೆ ಏನು ಮಾಡಬೇಕೆಂದು ಕೇಳಿ ತಿಳಿಯುವ ಗತಿ ಅವನಿಗೆ ಬಂದಿರಲಿಲ್ಲ. ಹೊಳ ಸಿಕ್ಕ ಭಾನುವಾರ ಬಂದು, ಒಂದು ಎಲೆಯನ್ನೂ ಬಿಡದೆ, ಮೇಲಿಂದಲೂ ಕೆಳಗಿಂದಲೂ, ಮೈತುಂಬ ಹೊಡೆದ. ಎದುರಿನ ಕ್ಯಾಂಟೀನಿನ ಗುತ್ಯಮ್ಮ ಬಾಗಿಲು ತೆಗೆಯುವ ಹೊತ್ತಿಗೆ ಹಕ್ಕಿಯ ಮೈಯೆಲ್ಲ ತಿಳಿನೀಲಿಯಾಗಿತ್ತು. ಚೆಂದಾಯ್ತಲ್ಲ ಹೂವಪ್ಪಣ್ಣ, ಮದುವೆ ಮನೆ ಗೋಡೆ ಹಾಗೆ, ಎಂದಳು ಅವಳು. ಅವನಿಗೂ ಹಾಗೇ ಕಂಡಿತು.

ಮುಂದಿನ ಶನಿವಾರ ಹರಿಪ್ರಿಯಾ ಬರುವಾಗ ಅವನು ಸೊಸೈಟಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಒಳ್ಳೆಯ ಸುದ್ದಿ ಇಟ್ಟುಕೊಂಡವನ ಮುಖ ಅವನದು. ಅವಳು ರಸ್ತೆಯಾಚೆಯೇ ನಿಂತುಬಿಟ್ಟಳು. ಕೊಡೆ ಮಡಚುವುದನ್ನೂ ಮರೆತು ದಾಟಿ ಬಂದು, ಕೈಗೆಟುಕುವ ಬಾಲದ ತುದಿಯ ಎಲೆಯೊಂದನ್ನು ಹೆಬ್ಬೆರಳಿನಲ್ಲಿ ಉಜ್ಜಿದಳು.

"ಇದೆಂತ ಹೂವಪ್ಪಣ್ಣ, ನೀಲಿ?"

"ಕೊಳೆ ಬಂದಿತ್ತಮ್ಮ. ನಿಮ್ ಫೋನ್ ಸಿಗ್ಲಿಲ್ಲ. ನೀವ್ ಬರೋತನಕ ಕೊಳೆ ಕಾಯತ್ತಾ? ಹೊಳ ಸಿಕ್ತು, ಹೊಡ್ದುಬಿಟ್ಟೆ."

ಅವಳು ಇನ್ನೊಂದು ಎಲೆ ಉಜ್ಜಿದಳು. ಬಣ್ಣ ಬರಲಿಲ್ಲ.

"ರಾಳ ಹಾಕಿದ್ರಾ?"

"ರಾಳ ಹಾಕ್ದೆ ನಾನ್ ಯಾವತ್ತು ಹೊಡ್ದಿದೀನಿ ಹೇಳಿ. ಇನ್ನು ಆಶ್ಲೇಷ ಮಳೆ ಬಂದ್ರೂ ಅಲ್ಲಾಡಲ್ಲ ಅದು."

ಹರಿಪ್ರಿಯಾ ಒದ್ದೆ ಮೆಟ್ಟಿಲ ಮೇಲೆಯೇ ಕೂತಳು. ತೋಟದ ಮನೆಯವಳು; ಹೂವಪ್ಪನ ಔಷಧಿ ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಬಿಡಿಸಿ ಹೇಳಬೇಕಾದದ್ದು ಅವಳೇ. ಆದಷ್ಟು ಮೆಲ್ಲಗೆ ಹೇಳಿದಳು. ಈ ಗಿಡಗಳಿಗೆ ಎಲೆಯೂ ಬಾಯಿ, ಬೇರೂ ಬಾಯಿ. ಮೈಗೆ ಏನು ತಾಗಿತೋ ಅದನ್ನೆಲ್ಲ ಒಳಗೆ ತೆಗೆದುಕೊಳ್ಳುತ್ತವೆ. ಮೈಲುತುತ್ತದ ತಾಮ್ರ ಅಡಿಕೆಗೆ ಔಷಧಿ, ಇವಕ್ಕೆ ವಿಷ. ಅವಳು ತೋರಿಸಿದ ಮೇಲೆಯೇ ಹೂವಪ್ಪನಿಗೆ ಕಂಡಿತು: ಹಗ್ಗದ ಮೇಲಿನ ಹಾವಸೆ ಕಂದಿತ್ತು, ಹಸುರು ಹಸುರಾಗಿ ಮುಂದೆ ಬರುತ್ತಿದ್ದ ಬೇರಿನ ತುದಿಗಳು ಸುಟ್ಟ ಬತ್ತಿಯ ಹಾಗೆ ಕರಿದಾಗಿದ್ದವು.

"ಎಷ್ಟು ಹೋಗತ್ತೆ?" ಎಂದು ಕೇಳಿದ.

"ಗೊತ್ತಿಲ್ಲ. ಎಲ್ಲಾನೂ ಹೋಗ್ಬಹುದು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಸೊಸೈಟಿಯ ಅಧ್ಯಕ್ಷರಾದ ನಾರಾಯಣಮೂರ್ತಿ ಮೇಷ್ಟ್ರು ಅದೇ ಹೊತ್ತಿಗೆ ಕೆಳಗಿಳಿದು ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಸದಸ್ಯರ ಗೊಣಗಾಟವನ್ನೆಲ್ಲ ಮೈಮೇಲೆ ಹಾಕಿಕೊಂಡು ಈ ಗೋಡೆಯನ್ನು ಕೊಟ್ಟವರು ಅವರೇ. ವಿಷಯ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಗೋಡೆಗೆ ಹೊಳೆಯುವ ಶೀಟು ಹೊಡೆಸಬೇಕೆಂದು ಒಂದು ಗುಂಪು ಆಗಲೇ ಅವರ ಹಿಂದೆ ಬಿದ್ದಿತ್ತು. ಸತ್ತ ಗಿಡಗಳನ್ನು ಪೇಟೆಯ ನಡುವೆ ತೂಗುಹಾಕಿಕೊಂಡು ಕೂರಲಾಗದು ಎಂದರು. ಮುಂದಿನ ವರ್ಷದ ಮಹಾಸಭೆ ಜೂನಿನ ಮೊದಲ ವಾರ. ಅಷ್ಟರೊಳಗೆ ಹೂ ಬಿಟ್ಟರೆ ಹಕ್ಕಿ, ಇಲ್ಲದಿದ್ದರೆ ಶೀಟು. ಅಲ್ಲಿಯವರೆಗೆ ತಡೆದು ನಿಲ್ಲಿಸುವುದು ತನ್ನ ಕೆಲಸ, ಆಚೆಗೆ ತನ್ನ ಕೈಯಲ್ಲಿಲ್ಲ.

ಊರಿನ ತಿರುವಿನಲ್ಲಿ ಬಸ್ಸಿಳಿದ ಹೂವಪ್ಪ ಚೌಡಮ್ಮನ ಕಲ್ಲಿನ ಹತ್ತಿರ ಹೋಗಲಿಲ್ಲ. ಬೆನ್ನು ತಿರುಗಿಸಿ ರಸ್ತೆ ದಾಟಿ ಮನೆ ಸೇರಿದ. ಹೆಂಡತಿ ಯಮುನಮ್ಮ ಅವನ ಮುಖ ನೋಡಿ ಏನೂ ಕೇಳದೆ ಚಾ ಕೊಟ್ಟಳು. ಕೇಳದಿದ್ದರೂ ಅವನು ಹೇಳಿದ. ಕೇಳುತ್ತ ಕೇಳುತ್ತಲೇ ಅವಳು ವಾಟೆಹುಳಿ ನೆನೆಸಿದ ನೀರಿನ ಪಾತ್ರೆ ತಂದು ಅವನ ಕೈಯನ್ನು ಎಳೆದುಕೊಂಡಳು. ಔಷಧಿ ಹೊಡೆಯುವ ಕಾಲದಲ್ಲಿ ಇದು ಅವಳ ನಿತ್ಯದ ಕೆಲಸ. ಸೋಪಿಗೆ ಜಗ್ಗದ ನೀಲಿ ಹುಳಿಗೆ ಜಗ್ಗುತ್ತದೆ. ಒಂದೊಂದೇ ಬೆರಳನ್ನು ಬಟ್ಟೆಯಲ್ಲಿ ತಿಕ್ಕಿ, ಉಗುರಿನ ಸಂದಿಗೆ ಬಂದಾಗ ಅವಳ ಕೈ ನಿಂತಿತು.

"ಇವ್ರೆ, ಇದೇ ನೀರಲ್ಲಿ ಎಲೆ ಒರ್ಸಿದ್ರೆ ಹೋಗಲ್ವಾ?"

"ಎಲೆ ಸುಟ್ಟುಹೋದ್ರೆ?"

"ಮೂವತ್ತೈದು ವರ್ಷ ತಿಕ್ಕಿದೀನಿ. ನಿಮ್ ಕೈ ಸುಟ್ಟುಹೋಯ್ತಾ? ಚರ್ಮ ದಪ್ಪ ಅನ್ನಿ, ಅದು ಬೇರೆ ಮಾತು."

ಅಂಥ ಹೊತ್ತಿನಲ್ಲೂ ಹೂವಪ್ಪನಿಗೆ ನಗು ಬಂತು. ಮರುದಿನ ಬೆಳಗಿನ ಮೊದಲ ಬಸ್ಸಿಗೇ ಗಂಡ ಹೆಂಡತಿ ಇಬ್ಬರೂ ಸಾಗರಕ್ಕೆ ಹೋದರು. ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದ ಹರಿಪ್ರಿಯಾ ಮೊದಲು ಒಪ್ಪಲಿಲ್ಲ. ಹುಳಿ ತಾಮ್ರವನ್ನು ಕರಗಿಸುತ್ತದೆ, ನಿಜ; ಕರಗಿದ್ದು ಎಲೆಯ ಮೇಲೆ ಅರೆಗಳಿಗೆ ನಿಂತರೂ ಗಿಡ ಅದನ್ನು ಇನ್ನೂ ಬೇಗ ಕುಡಿಯುತ್ತದೆ ಎಂಬ ಹೆದರಿಕೆ ಅವಳದು. ಯಮುನಮ್ಮ ವಾದಿಸಲಿಲ್ಲ. ಬಾಲದ ತುದಿಯ ಒಂದು ಗಿಡವನ್ನು ಬಿಡಿಸಿಕೊಂಡಳು. ಹುಳಿಯನ್ನು ನಾಲಿಗೆಗೆ ಹತ್ತಿಯೂ ಹತ್ತದಷ್ಟು ತೆಳ್ಳಗೆ ಮಾಡಿ, ಹಳೆ ಪಂಚೆಯ ಚೂರನ್ನು ಅದ್ದಿ, ಎಲೆಯನ್ನು ಬುಡದಿಂದ ತುದಿಗೆ ಒಮ್ಮೆ ಎಳೆದು, ಉಸಿರು ಬಿಡುವುದರೊಳಗೆ ಮಳೆನೀರಿನ ಬಕೆಟ್ಟಿನಲ್ಲಿ ಅದ್ದಿ, ಇನ್ನೊಂದು ಬಕೆಟ್ಟಿನಲ್ಲಿ ಮತ್ತೆ ಅದ್ದಿದಳು. ಬಿಳಿ ಬಟ್ಟೆಗೆ ನೀಲಿ ಹತ್ತಿತ್ತು. ಎಲೆ ಹಸುರಾಗಿ ಹೊಳೆಯಿತು.

ಎರಡು ದಿನ ಆ ಒಂದು ಗಿಡವನ್ನು ಕಾದರು. ಅದು ಬಾಡಲಿಲ್ಲ. ಮೂರನೆಯ ದಿನ ಯಮುನಮ್ಮ ತನ್ನ ಮಹಿಳಾ ಸಂಘದ ಹನ್ನೊಂದು ಹೆಂಗಸರನ್ನು ಕರೆದುಕೊಂಡು ಬಸ್ಸಿಳಿದಳು. ಹೂವಪ್ಪ ಹಲಗೆಯ ಮೇಲೆ ಕೂತು ಹಕ್ಕಿಯನ್ನು ತುಂಡು ತುಂಡಾಗಿ ಕೊಕ್ಕೆಯಿಂದ ಬಿಡಿಸಿ ಹಗ್ಗದಲ್ಲಿ ಇಳಿಸಿದ. ಇಳಿದದ್ದನ್ನು ಪೋರ್ಟಿಕೋದಲ್ಲಿ ಮಲಗಿಸಿ ಹೆಂಗಸರು ಸುತ್ತ ಕೂತರು. ಒಬ್ಬರು ಒರೆಸುವುದು, ಒಬ್ಬರು ಅದ್ದುವುದು, ಒಬ್ಬರು ಮತ್ತೆ ಅದ್ದುವುದು. ಗುತ್ಯಮ್ಮ ಕ್ಯಾಂಟೀನಿನಿಂದ ಚಾ ತಂದವಳು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಏನ್ರೇ, ಹಕ್ಕಿಗೆ ಬಾಣಂತನನಾ?"

"ಹೌದೇ. ಹೆತ್ತಿದ್ದು ಆ ತೀರ್ಥಳ್ಳಿ ಅಮ್ಮ, ಮೀಸೋದು ನಾವು," ಎಂದಳು ಯಮುನಮ್ಮ. "ನೀನ್ ಬರೀ ಚಾ ಕೊಟ್ಟು ನೋಡ್ತಾ ನಿಲ್ಬೇಡ. ಬಿಸಿನೀರು ಬೇಡ, ತಣ್ಣೀರು ಹೊತ್ತು ಹಾಕು."

ಗುತ್ಯಮ್ಮ ಗೊಣಗುತ್ತಲೇ ಕೊಡ ಎತ್ತಿದಳು. ಆರು ದಿನ ಹಿಡಿಯಿತು. ಆರನೆಯ ದಿನ ಕೊನೆಯ ತುಂಡು, ಹಕ್ಕಿಯ ಕೊಕ್ಕು, ಗೋಡೆಗೆ ಏರುವಾಗ ಮತ್ತೆ ಮಳೆ ಶುರುವಾಯಿತು.

ವಿಷ ಹೋಯಿತು, ಕೊಳೆ ಹಾಗೇ ಇತ್ತು. ಹೊಡೆಯಲು ಔಷಧಿಯಿಲ್ಲ, ಮಳೆ ನಿಲ್ಲುವುದಿಲ್ಲ. ಅವತ್ತು ಸಂಜೆ ಹೂವಪ್ಪ ಬಸ್ಸಿಳಿದು, ತಪ್ಪು ತಿಳಿದ ಮೇಲೆ ಮೊದಲ ಬಾರಿಗೆ, ಕಲ್ಲಿನ ಮುಂದೆ ಹೋಗಿ ನಿಂತ. ನೆರಳಿಲ್ಲದ ಕಲ್ಲಿನ ಮೇಲೆ ಮಳೆ ಸುರಿಯುತ್ತಿತ್ತು. ಯಾರೋ ಹಾದಿಯವರು ಅದರ ನೆತ್ತಿಗೆ ಒಂದು ಅಡಿಕೆ ಹಾಳೆಯನ್ನು ಬಗ್ಗಿಸಿ ಮುಚ್ಚಿ, ಹಾರಬಾರದೆಂದು ಬಳ್ಳಿ ಸುತ್ತಿ ಹೋಗಿದ್ದರು. ಅವನು ಕೈಮುಗಿದ. ಏನೂ ಬೇಡಲಿಲ್ಲ. ಹಾಳೆಯ ಅಂಚಿನಿಂದ ನೀರು ಕಲ್ಲಿಗೆ ತಾಗದೆ ಆಚೆಗೆ ತೊಟ್ಟಿಕ್ಕುವುದನ್ನು ಬಹಳ ಹೊತ್ತು ನೋಡಿದ. ಔಷಧಿ ಎಂಬುದು ಬರುವ ಮುಂಚೆ ಅವನ ಅಪ್ಪ ಕೊಳೆಗೆ ಏನು ಮಾಡುತ್ತಿದ್ದ? ಕೊಟ್ಟೆ ಕಟ್ಟುತ್ತಿದ್ದ. ಬೆಟ್ಟದ ಒಣಹುಲ್ಲು ಕರಡವನ್ನು ಹೆಣೆದು, ಅಡಿಕೆ ಕೊನೆಗೊಂದರಂತೆ ತೊಡಿಸುತ್ತಿದ್ದ ಹುಲ್ಲಿನ ಟೋಪಿ ಅದು. ಮಳೆ ಹೊರಗೆ ಜಾರುತ್ತದೆ, ಗಾಳಿ ಒಳಗೆ ಆಡುತ್ತದೆ. ಹತ್ತು ವರ್ಷದ ಹೂವಪ್ಪ ಅಪ್ಪನ ಪಕ್ಕ ಕೂತು ಎಷ್ಟೋ ಸಾವಿರ ಹೆಣೆದಿದ್ದ. ಆಮೇಲೆ ಮೈಲುತುತ್ತ ಬಂತು, ಕೊಟ್ಟೆ ಮರೆತುಹೋಯಿತು.

ಕೈ ಮರೆತಿರಲಿಲ್ಲ. ಆ ವಾರವೆಲ್ಲ ಅವನ ಮನೆಯ ಜಗುಲಿಯಲ್ಲಿ ಕರಡದ ರಾಶಿ. ಹೂವಪ್ಪ ಒಂದು ಹೆಣೆದು ತೋರಿಸಿದರೆ ಯಮುನಮ್ಮ ಎರಡು ಹೆಣೆಯುತ್ತಿದ್ದಳು. ಗೋಡೆಯ ಗಿಡಕ್ಕೆ ತಕ್ಕಂತೆ ಒಂದು ಬದಿ ಉದ್ದ, ಒಂದು ಬದಿ ಗಿಡ್ಡ ಮಾಡುವ ಉಪಾಯವೂ ಅವಳದೇ. ಆಶ್ಲೇಷ ಮಳೆ ಜಡಿಯುವಾಗ ಹೂವಪ್ಪ ಮತ್ತೆ ಹಲಗೆಯ ಮೇಲೆ ಕೂತು ಒಂದೊಂದು ಗಿಡದ ನೆತ್ತಿಗೂ ಕೊಟ್ಟೆ ಕಟ್ಟಿದ. ಮೈಯೆಲ್ಲ ಹುಲ್ಲಿನ ಟೋಪಿ ಹೊತ್ತ ಹಕ್ಕಿಯನ್ನು ನೋಡಿ ಪೇಟೆಗೆ ನಗುವೋ ನಗು. ಬಸ್ಸಿನ ಕಿಟಕಿಗಳಿಂದ ಫೋನುಗಳು ಹೊರಗೆ ಬಂದವು. ಮಂಗಟ್ಟೆಗೆ ಕಂಬಳಿಕೊಪ್ಪೆ ಎಂದು ಯಾರೋ ಹೆಸರಿಟ್ಟರು, ಅದೇ ನಿಂತಿತು. ಹೊಸನಗರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ಕೊಪ್ಪೆ ಹಾಕಿದ ಹಕ್ಕಿಯ ಕೆಳಗೆ ಎಂದು ಹೇಳುವುದು ರೂಢಿಯಾಯಿತು. ಮೇಷ್ಟ್ರು ಮಾತ್ರ ನಗಲಿಲ್ಲ. ದಿನಾ ಬೆಳಿಗ್ಗೆ ಬೀಗ ತೆಗೆಯುವ ಮುಂಚೆ ತಲೆಯೆತ್ತಿ ನೋಡಿ ಒಳಗೆ ಹೋಗುತ್ತಿದ್ದರು.

ಗಿಡಗಳು ಸತ್ತವು. ಮೊದಲು ಎಡರೆಕ್ಕೆಯಲ್ಲಿ, ಆಮೇಲೆ ಬೆನ್ನಿನಲ್ಲಿ. ಎಲೆ ಹಳದಿಯಾಗಿ, ಬುಡ ಕಳಚಿ, ಮುಟ್ಟಿದರೆ ಕೈಗೆ ಬರುತ್ತಿದ್ದವು. ದೀಪಾವಳಿಗೆ ಕೊಟ್ಟೆ ಬಿಚ್ಚುವಾಗ ಹೂವಪ್ಪ ಎಣಿಸಿದ, ತೊಂಬತ್ತೇಳು ಹೋಗಿದ್ದವು. ಒಂದೊಂದನ್ನೂ ಅವನು ಬಟ್ಟೆಯಲ್ಲಿ ಸುತ್ತಿ ಒಯ್ದು ಚೌಡಮ್ಮನ ಕಲ್ಲಿನ ಬುಡದಲ್ಲಿ ಇಟ್ಟಿದ್ದ. ಉಳಿದವು ಬದುಕಿದ್ದವು ಎನ್ನುವುದಕ್ಕೂ ಧೈರ್ಯವಿರಲಿಲ್ಲ. ಎಲೆ ಹಸುರಾಗಿತ್ತು, ಬೇರು ಕರಿದಾಗಿ ಸುಮ್ಮನಿತ್ತು. ಹರಿಪ್ರಿಯಾ ಬಂದಾಗಲೆಲ್ಲ ಇಬ್ಬರೂ ತಾರಸಿಗೆ ಹತ್ತಿ, ಬಗ್ಗಿ ನೋಡಿ ಇಳಿಯುತ್ತಿದ್ದರು.

ಧನುರ್ಮಾಸದ ಒಂದು ಬೆಳಗ್ಗೆ, ಇಬ್ಬನಿ ಇನ್ನೂ ಹಗ್ಗದ ಮೇಲಿರುವಾಗ, ಹೂವಪ್ಪ ಹಲಗೆಯ ಮೇಲೆ ಕೂತು ಕೊರಳಿನ ಗಿಡಗಳನ್ನು ಒರೆಸುತ್ತಿದ್ದ. ಒಂದು ಕರಿಬೇರಿನ ಪಕ್ಕದಲ್ಲಿ ಏನೋ ಹೊಳೆಯಿತು. ನೀರ ಹನಿ ಎಂದುಕೊಂಡು ಬೆರಳಿಟ್ಟ. ಹನಿ ಹೋಗಲಿಲ್ಲ. ಅಕ್ಕಿಕಾಳಿನಷ್ಟು ಹೊಸ ಬೇರು, ತುದಿಯಲ್ಲಿ ಎಳೆ ಹಸುರು. ಅದರ ಕೆಳಗೆ ಇನ್ನೊಂದು. ಅವನು ಅಲ್ಲೇ ತೂಗಾಡುತ್ತ ಮೇಲಿಂದ ಕೆಳಗಿನವರೆಗೆ ನೋಡುತ್ತ ಬಂದ. ಕೆಳಗಿಳಿದವನು ನೇರ ಕ್ಯಾಂಟೀನಿಗೆ ಹೋಗಿ, ಗಿಡಗಿಡಕ್ಕೂ ಹೊಸ ಬೇರು ಬಂದ ಸುದ್ದಿ ಹೇಳಿದ. ಗುತ್ಯಮ್ಮ ಅವನನ್ನು ಬೆಂಚಿನ ಮೇಲೆ ಕೂರಿಸಿ ಚಾ ಕೊಟ್ಟಳು. ಬೇಸಿಗೆಯಲ್ಲಿ ಹಕ್ಕಿಗೆ ಹೊತ್ತು ಹೊತ್ತಿಗೆ ನೀರು ಸಿಂಪಡಿಸುವ ಕೆಲಸವನ್ನು ತಾನೇ ನೋಡಿಕೊಳ್ಳುವೆನೆಂದೂ, ಅವನು ಬಸ್ಸಿಗೆ ಅಲೆದು ಅಲೆದು ಸಾಯುವುದು ಬೇಡವೆಂದೂ ಹೇಳಿದಳು. ಹೇಳಿದ ಹಾಗೆ ನಡೆದುಕೊಂಡಳು ಕೂಡ. ಬಸ್ಸು ಕಾಯುವವರ ತಲೆಗೂ ನಾಲ್ಕು ಹನಿ ಬಿದ್ದರೆ, ತೀರ್ಥ ಅಂದ್ಕೊಳ್ಳಿ ಅನ್ನುತ್ತಿದ್ದಳು.

ಮೊಗ್ಗಿನ ಕೋಲುಗಳು ಭರಣಿ ಮಳೆಯ ಒಂದು ಅಡ್ಡಮಳೆಗೆ ಕಾಣಿಸಿಕೊಂಡವು. ಕೃತ್ತಿಕೆಯಲ್ಲಿ ಬಾಗಿ ಉದ್ದವಾದವು. ರೋಹಿಣಿ ಹುಟ್ಟಿದ ಮೂರನೆಯ ದಿನ ಹಕ್ಕಿಯ ಬಾಲದಲ್ಲಿ ಒಂದು ಗೊಂಚಲು ಬಿರಿಯಿತು. ನಾಲ್ಕನೆಯ ದಿನ ಬಾಲವೆಲ್ಲ. ಆಮೇಲೆ ಎಣಿಸುವವರು ಬಿಟ್ಟುಬಿಟ್ಟರು. ಒಂದೊಂದು ಗಿಡಕ್ಕೂ ಒಂದು, ಕೆಲವಕ್ಕೆ ಎರಡು, ಬಿಳಿಯ ಮೇಲೆ ಗುಲಾಬಿ ಚುಕ್ಕೆಯ ಹೂಗಳು ಒತ್ತೊತ್ತಾಗಿ ಕೂತ ಗೊಂಚಲುಗಳು, ಗರಿಯ ಹಾಗೆ ಇಳಿಬಿದ್ದು, ಗಾಳಿ ಬಂದಾಗ ಇಡೀ ರೆಕ್ಕೆ ಉಸಿರಾಡುತ್ತಿತ್ತು. ತೊಂಬತ್ತೇಳು ಗಿಡಗಳ ಖಾಲಿ ಜಾಗವನ್ನು ಹುಡುಕಿದರೂ ಕಾಣದಂತೆ ಉಳಿದವು ಮುಚ್ಚಿಬಿಟ್ಟಿದ್ದವು. ತಾಳಗುಪ್ಪದ ರೈಲಿನಿಂದ ಇಳಿದವರು ಆಟೋದವರಿಗೆ ಹಕ್ಕಿಯ ಹತ್ತಿರ ಎಂದರೆ ಸಾಕಾಯಿತು. ಮುದುಕಿಯರು ಚಪ್ಪಲಿ ಬಿಟ್ಟು ನಿಂತು ಕೈಮುಗಿದರು. ಹೊಸನಗರದ ಆಸ್ಪತ್ರೆಯ ಗೋಡೆಗೆ ಒಂದು, ತೀರ್ಥಹಳ್ಳಿಯ ಕಾಲೇಜಿನ ಗೋಡೆಗೆ ಒಂದು ಬೇಕೆಂದು ಹರಿಪ್ರಿಯಾಳಿಗೆ ಕಾಗದ ಬಂದವು. ಕೊನೆಗೌಡ ಹೂವಪ್ಪ ಒಪ್ಪಿದರೆ ಮಾತ್ರ ಎಂದು ಅವಳು ಉತ್ತರ ಬರೆದಳು.

ಮಹಾಸಭೆಯ ದಿನ ಸದಸ್ಯರೆಲ್ಲ ಒಳಗೆ ಹೋಗುವ ಮೊದಲು ರಸ್ತೆಯ ಆಚೆಬದಿಗೆ ಹೋಗಿ ನಿಂತಿದ್ದರು. ಶೀಟಿನ ಗುಂಪಿನವರೂ ನಿಂತಿದ್ದರು. ಸಭೆಯಲ್ಲಿ ಆ ವಿಷಯ ಬಂದಾಗ ಯಾರೂ ಬಾಯಿ ತೆರೆಯಲಿಲ್ಲ. ಮೇಷ್ಟ್ರು ಅದನ್ನು ಪಟ್ಟಿಯಿಂದ ಹೊಡೆದುಹಾಕಿ, ಹಿಂದಿನ ಸಾಲಿನಲ್ಲಿ ಯಮುನಮ್ಮನ ಪಕ್ಕ ಕೂತಿದ್ದ ಹೂವಪ್ಪನನ್ನು ಮುಂದೆ ಕರೆಸಿದರು. ಶಾಲು ಹೊದಿಸಿ, ಈ ಹಕ್ಕಿಯನ್ನು ಉಳಿಸಿದವರು ಎಂದರು. ಚಪ್ಪಾಳೆ ನಿಲ್ಲುವವರೆಗೆ ಹೂವಪ್ಪ ಶಾಲಿನ ಅಂಚು ಹಿಡಿದು ನಿಂತಿದ್ದ.

"ಮೇಷ್ಟ್ರು ಅರ್ಧ ಹೇಳಿದ್ರು," ಎಂದ. "ಇದನ್ನ ಕೊಲ್ಲಕ್ಕೆ ಹೊರಟವನೂ ನಾನೇ. ಗೊತ್ತಿದ್ದದ್ದನ್ನೇ ಮಾಡ್ದೆ, ಅದೇ ತಪ್ಪಾಗಿದ್ದು. ಒರ್ಸಿದ್ದು ಇವರು." ಯಮುನಮ್ಮನ ಕಡೆ ಕೈ ತೋರಿಸಿ, ಶಾಲನ್ನು ತೆಗೆದು ನಡೆದುಹೋಗಿ ಅವಳ ಮಡಿಲಲ್ಲಿ ಇಟ್ಟ. ಸಭೆ ಎದ್ದು ನಿಂತಿತು. ಇದೆಂತ ಹುಚ್ಚು ಇವರದು ಎಂದು ಯಮುನಮ್ಮ ಪಕ್ಕದವಳಿಗೆ ಹೇಳಿದಳು. ಹೇಳುತ್ತಲೇ ಶಾಲಿನ ಮಡಿಕೆಯನ್ನು ಸರಿಮಾಡಿಕೊಂಡಳು.

ಸಭೆ ಮುಗಿದ ಮೇಲೆ ಹೂವಪ್ಪ ಹಕ್ಕಿಯ ಕೆಳಗೆ ಬಂದು ನಿಂತ. ಕೈಯಲ್ಲಿ ಮನೆಯಿಂದ ತಂದಿದ್ದ ಹೊಸ ಅಡಿಕೆ ಹಾಳೆ. ಒಂದು ಗೊಂಚಲು ಕಿತ್ತುಕೊಡಲಾ ಎಂದು ಹರಿಪ್ರಿಯಾ ಕೇಳಿದಳು. ಅವನು ಚೌಡಮ್ಮನಿಗೆ ಕೊಟ್ಟ ಮಾತು ಅವಳಿಗೂ ನೆನಪಿತ್ತು. ಅವನು ಬೇಡವೆಂದು ತಲೆಯಾಡಿಸಿದ. ತಾನಾಗಿ ಉದುರಬೇಕು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಹೊಸನಗರದ ಬಸ್ಸು ಎಂದಿನಂತೆ ಗೋಡೆಗೆ ಒತ್ತಿ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು. ಗಾಳಿ ಎದ್ದಿತು. ಹಕ್ಕಿಯ ಮೈಯೆಲ್ಲ ಒಮ್ಮೆ ನಡುಗಿ ಹೂ ಉದುರತೊಡಗಿತು. ಹೂವಪ್ಪ ಹಾಳೆ ಚಾಚಿದ. ಗಾಳಿಗೆ ಅವನ ಹಾಳೆ ಕಾಣಲಿಲ್ಲ. ಹೂವೆಲ್ಲ ಅವನ ತಲೆಯ ಮೇಲಿಂದ ಹಾದು ಬಸ್ಸಿನ ನೆತ್ತಿಗೆ ಬಿದ್ದವು. ಹಿಂದೆಯೇ ಮಳೆ ಬಂತು.

"ಹೂವಪ್ಪಣ್ಣ, ಬತ್ತೀರಾ ಇಲ್ವಾ?" ಎಂದು ಕಂಡಕ್ಟರು ಕೂಗಿದ.

ಖಾಲಿ ಹಾಳೆಯನ್ನು ಕಂಕುಳಲ್ಲಿಟ್ಟುಕೊಂಡು ಅವನು ಹತ್ತಿದ. ಯಮುನಮ್ಮ ಕಿಟಕಿಯ ಪಕ್ಕ ಜಾಗ ಹಿಡಿದಿದ್ದಳು. ದಾರಿಯುದ್ದಕ್ಕೂ ಮಳೆ ಬಸ್ಸಿನ ಮೇಲೆ ಸಣ್ಣಗೆ ಬಾರಿಸುತ್ತಿತ್ತು. ಊರಿನ ತಿರುವು ಬಂದಾಗ ಡ್ರೈವರು ಎಲ್ಲರೂ ಮಾಡುವ ಹಾಗೆ ಚೌಡಮ್ಮನಿಗೆ ಒಂದು ಹಾರನ್ ಹಾಕಿ, ಕಲ್ಲಿನ ಪಕ್ಕಕ್ಕೆ ತಂದು ಬ್ರೇಕು ಒತ್ತಿದ. ಬಸ್ಸು ಒಮ್ಮೆ ಮುಂದಕ್ಕೆ ವಾಲಿ ನಿಂತಿತು. ಅದರ ನೆತ್ತಿಯ ಮೇಲೆ ನಿಂತಿದ್ದ ನೀರೆಲ್ಲ ಒಟ್ಟಾಗಿ ಬದಿಗೆ ಹರಿದು, ಕಿಟಕಿಯ ಮುಂದೆ ಪರದೆಯ ಹಾಗೆ ಇಳಿಯಿತು.

ಹೂವಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತ. ಇಳಿಯಲು ಅವಸರ ಮಾಡುತ್ತಿದ್ದವರು ಅವನ ಹೆಗಲ ಮೇಲಿಂದ ಇಣುಕಿ ನೋಡಿದರು. ಕಲ್ಲಿನ ಮೇಲಿನ ಹಳೆಯ ಹಾಳೆ ಎಂದೋ ಹಾರಿಹೋಗಿತ್ತು. ಬರಿಯ ನೆತ್ತಿಯಿಂದ ಬುಡದವರೆಗೆ, ನೀರು ಇಳಿದ ದಾರಿಯಲ್ಲೆಲ್ಲ, ಗುಲಾಬಿ ಚುಕ್ಕೆಯ ಪುಟ್ಟ ಹೂಗಳು ಅಂಟಿಕೊಂಡಿದ್ದವು.